ಕೀಲಿಮಣೆ ಮೊದಲು, ಆ್ಯಪ್ ಆಮೇಲೆ

ಉಪ್ಪಿನಂಗಡಿಯ ಆಸುಪಾಸಿನಲ್ಲಿ, ನೆಕ್ಕಿಲಾಡಿಯಲ್ಲೋ ರಾಮಕುಂಜದಲ್ಲೋ ಹಿರೇಬಂಡಾಡಿಯಲ್ಲೋ, ಮನೆಯ ಚಾವಡಿಯಲ್ಲಿ ಮ್ಯಾಕ್ ಬಿಚ್ಚಿಟ್ಟು ಬೆಂಗಳೂರಿನ ಕೆಲಸ ಮಾಡುವ ಹುಡುಗ ಹುಡುಗಿಯರು ಈಗ ಹೊಸಬರಲ್ಲ. ಕೊರೊನಾ ಕಾಲದಲ್ಲಿ ಶಿರಾಡಿ ಇಳಿದು ಬಂದವರಲ್ಲಿ ಕೆಲವರು ಇಲ್ಲೇ ಉಳಿದಿರಿ. ಒಳ್ಳೆಯದಾಯಿತು. ಅಪ್ಪ ಅಮ್ಮನಿಗೆ ಜೊತೆಯಾಯಿತು, ತೋಟಕ್ಕೂ ಒಂದು ಕಣ್ಣು ಬಿತ್ತು. ಆದರೆ ಆ ಮ್ಯಾಕನ್ನು ನೀವು ಬಳಸುವ ರೀತಿ ಕಂಡು ನನಗೆ ಸುಮ್ಮನಿರಲು ಆಗುವುದಿಲ್ಲ. ಲಕ್ಷ ರೂಪಾಯಿ ಕೊಟ್ಟು ತಂದ ಯಂತ್ರ. ಪರದೆ ತೆರೆದರೆ ಡೆಸ್ಕ್‌ಟಾಪಿನ ತುಂಬ ಕಡತಗಳು ಚೆಲ್ಲಾಪಿಲ್ಲಿ. ಮೇಲಿನ ಪಟ್ಟಿಯಲ್ಲಿ ಹೆಸರೂ ನೆನಪಿಲ್ಲದ ಹತ್ತಾರು ಆ್ಯಪ್‌ಗಳ ಚಿಹ್ನೆಗಳು. ಅದರಲ್ಲಿ ಅರ್ಧ ಪುಕ್ಕಟೆ ಅವಧಿ ಮುಗಿದು ಸತ್ತವು, ಒಂದೆರಡು ಕದ್ದವು. ಬ್ಯಾಕಪ್ ಉಂಟಾ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತೀರಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಹಿರಿಯರು ಹೇಳಿದ್ದು ಇಂಥದ್ದಕ್ಕೇ.

ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಬುದ್ಧಿಯ ಬಗ್ಗೆ ನನಗೆ ಅನುಮಾನವಿಲ್ಲ, ಅಭ್ಯಾಸದ ಬಗ್ಗೆ ಮಾತ್ರ ತಕರಾರು. ನಾನು ಹೇಳುವುದರ ಸಾರ ಇಷ್ಟೇ: ಸಾಧನ ಕಡಿಮೆ ಇರಲಿ, ಇರುವುದನ್ನು ಪೂರ್ತಿ ಕಲಿಯಿರಿ, ಅದನ್ನು ಮಾಡಿದವರಿಗೆ ಕೊಡಬೇಕಾದ ದುಡ್ಡು ಕೊಡಿ. ಇನ್ನು ಒಂದೊಂದಾಗಿ ಕೇಳಿ.

ಮೊದಲು ಬೆರಳಿಗೆ ಪಾಠ

ಹೊಸ ಆ್ಯಪ್ ಹುಡುಕುವ ಮೊದಲು ಮ್ಯಾಕ್‌ನಲ್ಲಿ ಆಗಲೇ ಇರುವುದನ್ನು ಕಲಿಯಿರಿ. ಕಮಾಂಡ್ ಮತ್ತು ಸ್ಪೇಸ್ ಒತ್ತಿದರೆ ಸ್ಪಾಟ್‌ಲೈಟ್ ಬರುತ್ತದೆ. ಆ್ಯಪ್ ತೆರೆಯುವುದಕ್ಕೆ, ಕಡತ ಹುಡುಕುವುದಕ್ಕೆ, ಸಣ್ಣ ಲೆಕ್ಕ ಹಾಕುವುದಕ್ಕೆ ಅದೊಂದೇ ಸಾಕು. ಆ್ಯಪ್‌ನಿಂದ ಆ್ಯಪ್‌ಗೆ ಹೋಗಲು ಕಮಾಂಡ್ ಮತ್ತು ಟ್ಯಾಬ್ ಎಂಬುದು ನಿಮಗೆಲ್ಲ ಗೊತ್ತು. ಒಂದೇ ಆ್ಯಪ್‌ನ ಎರಡು ಕಿಟಕಿಗಳ ನಡುವೆ ಓಡಾಡಲು ಕಮಾಂಡ್ ಜೊತೆಗೆ ಟ್ಯಾಬ್‌ನ ಮೇಲಿರುವ ಕೀಲಿ ಒತ್ತಬೇಕು ಎಂಬುದು ಎಷ್ಟು ಜನರಿಗೆ ಗೊತ್ತು? ಫೈಂಡರಿನಲ್ಲಿ ಕಡತವನ್ನು ತೆರೆಯದೆ ಇಣುಕಿ ನೋಡಲು ಸ್ಪೇಸ್ ಒತ್ತಿದರಾಯಿತು. ಪರದೆಯ ಚಿತ್ರ ತೆಗೆಯಲು ಕಮಾಂಡ್, ಶಿಫ್ಟ್, 4. ಅದರ ಬೆನ್ನಿಗೇ ಸ್ಪೇಸ್ ಒತ್ತಿದರೆ ಇಡೀ ಕಿಟಕಿಯೇ ಅಂಚು ಸಮೇತ ಚೊಕ್ಕವಾಗಿ ಸಿಗುತ್ತದೆ. ಕಂಟ್ರೋಲ್ ಕೀಲಿಯನ್ನೂ ಸೇರಿಸಿಕೊಂಡರೆ ಚಿತ್ರ ಡೆಸ್ಕ್‌ಟಾಪಿಗೆ ಬೀಳದೆ ನೇರ ಕ್ಲಿಪ್‌ಬೋರ್ಡಿಗೆ ಹೋಗುತ್ತದೆ. ನಿಮ್ಮ ಡೆಸ್ಕ್‌ಟಾಪಿನ ಅರ್ಧ ಕಸ ಈ ಸ್ಕ್ರೀನ್‌ಶಾಟ್‌ಗಳೇ ಅಲ್ಲವೇ? ಒಂದು ಕೀಲಿಯಿಂದ ಅಷ್ಟು ಕಸ ತಪ್ಪುತ್ತದೆ.

ಯಾವ ಆಜ್ಞೆ ಎಲ್ಲಿದೆ ಎಂದು ಮೆನುಗಳನ್ನೆಲ್ಲ ಜಾಲಾಡಬೇಡಿ. ಹೆಲ್ಪ್ ಮೆನುವಿನಲ್ಲಿ ಅದರ ಹೆಸರು ಟೈಪ್ ಮಾಡಿ, ಮ್ಯಾಕ್ ತಾನೇ ಬಾಣ ಹಾಕಿ ತೋರಿಸುತ್ತದೆ. ದಿನಕ್ಕೆ ಹತ್ತು ಸಲ ಬೇಕಾಗುವ ಆಜ್ಞೆಗೆ ಕೀಲಿ ಇಲ್ಲವೇ? ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ವಿಭಾಗಕ್ಕೆ ಹೋಗಿ, ಆ್ಯಪ್ ಶಾರ್ಟ್‌ಕಟ್ಸ್‌ನಲ್ಲಿ ನಿಮ್ಮದೇ ಕೀಲಿ ಕೊಡಿ. ಮೆನುವಿನಲ್ಲಿ ಹೆಸರು ಹೇಗಿದೆಯೋ ಹಾಗೆಯೇ, ಒಂದು ಚುಕ್ಕಿಯೂ ವ್ಯತ್ಯಾಸವಾಗದಂತೆ ಬರೆಯಬೇಕು. ಮೆನುವಿನ ಕೊನೆಯಲ್ಲಿ ಮೂರು ಚುಕ್ಕಿ ಇದ್ದರೆ ನೀವೂ ಹಾಕಬೇಕು. ಅಲ್ಲಿ ಅವಸರ ಮಾಡಿ, ಇದು ಕೆಲಸ ಮಾಡುವುದಿಲ್ಲ ಎಂದು ಮ್ಯಾಕನ್ನು ಬೈಯಬೇಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಒಂದು ಮಾತು. ಇಪ್ಪತ್ತು ಕೀಲಿಗಳನ್ನು ಒಂದೇ ದಿನ ಬಾಯಿಪಾಠ ಮಾಡಲು ಹೋಗಬೇಡಿ. ವಾರಕ್ಕೆ ಎರಡು ಕಲಿಯಿರಿ, ಆ ವಾರ ಆ ಎರಡಕ್ಕೆ ಮೌಸ್ ಮುಟ್ಟುವುದಿಲ್ಲ ಎಂದು ಹಟ ಹಿಡಿಯಿರಿ. ಹನಿ ಹನಿ ಕೂಡಿದರೆ ಹಳ್ಳ.

ಕನ್ನಡ ಬರೆಯುವ ಕೈ

ಮ್ಯಾಕ್‌ನಲ್ಲಿ ಕನ್ನಡ ಕಷ್ಟ ಎಂದು ಗೊಣಗಿ, ವಾಟ್ಸ್ಆ್ಯಪ್‌ನಲ್ಲಿ ಅಮ್ಮನಿಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರು ನೀವು. ನಾಚಿಕೆಯಾಗಬೇಕು. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಇನ್‌ಪುಟ್ ಸೋರ್ಸ್‌ಗೆ ಹೋಗಿ ಕನ್ನಡ ಸೇರಿಸಲು ಒಂದು ನಿಮಿಷ ಸಾಕು. ಆಮೇಲೆ ಕಂಟ್ರೋಲ್ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷ್ ಕನ್ನಡಗಳ ನಡುವೆ ಓಡಾಡಬಹುದು. ಅಕ್ಷರ ಕಾಣಿಸಲು ಫಾಂಟ್ ಬೇರೆ ಹಾಕಿಕೊಳ್ಳಬೇಕಿಲ್ಲ. ಮ್ಯಾಕ್‌ನೊಳಗೇ ಇರುವ 'ಕನ್ನಡ ಸಂಗಮ್ ಎಂಎನ್' ಎಂಬ ಫಾಂಟ್ ನೋಡಿದ್ದೀರಲ್ಲ? ಆ ಎಂಎನ್ ಎಂದರೆ ಮುತ್ತು ನೆಡುಮಾರನ್, ಮಲೇಷ್ಯಾದ ತಮಿಳರು. ಮುರಸು ಅಂಜಲ್ ಎಂಬ ತಮಿಳು ತಂತ್ರಾಂಶವನ್ನು ದಶಕಗಳಿಂದ ಕಟ್ಟಿಕೊಂಡು ಬಂದವರು. ಹಾಗೆ ಸ್ವಂತ ಬಲದಲ್ಲಿ ಕೆಲಸ ಮಾಡಿದವರೊಬ್ಬರ ಅಕ್ಷರಗಳಲ್ಲಿ ನಾವೀಗ ಕನ್ನಡ ಓದುತ್ತಿದ್ದೇವೆ.

ಕೀಲಿಮಣೆಯ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಯವರು ಹೆಮ್ಮೆ ಪಡಬೇಕು. ಇಂದು ಕರ್ನಾಟಕದ ಕಚೇರಿಗಳಲ್ಲೆಲ್ಲ ಬೆರಳುಗಳು ಓಡಾಡುವ ವಿನ್ಯಾಸವನ್ನು ಕೊಟ್ಟವರು ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು', ನಮ್ಮ ಜಿಲ್ಲೆಯ ದೊಡ್ಡ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ. ಆ ವಿನ್ಯಾಸದಲ್ಲಿ ಉಪ್ಪಿನಂಗಡಿ ಎಂದು ಬರೆಯಲು ಒತ್ತಬೇಕಾದ ಕೀಲಿಗಳು ಇವು: ಯು, ಪಿ, ಎಫ್, ಪಿ, ಐ, ಎನ್, ಶಿಫ್ಟ್ ಹಿಡಿದು ಎಂ, ಜಿ, ಡಬ್ಲ್ಯು, ಐ. ನಡುವೆ ಬಂದ ಎಫ್ ಅಕ್ಷರಕ್ಕೆ ಅಕ್ಷರ ಕೂಡಿಸುವ ಕೊಂಡಿ, ಡಬ್ಲ್ಯು ಎಂದರೆ ಡ. ಹತ್ತೇ ಒತ್ತು. ಒಂದು ವಾರ ಕೈ ತಡವರಿಸುತ್ತದೆ, ಆಮೇಲೆ ಬೆರಳೇ ಬರೆಯುತ್ತದೆ.

ಮ್ಯಾಕ್‌ನ ಸ್ವಂತ ವಿನ್ಯಾಸ ನಿಮಗೆ ಒಗ್ಗದಿದ್ದರೆ ದಾರಿಗಳಿವೆ. ಲಿಪಿಕಾ ಎಂಬ ಮುಕ್ತ ತಂತ್ರಾಂಶ ಮ್ಯಾಕ್‌ಗೆಂದೇ ಬರೆದದ್ದು. ಇಂಗ್ಲಿಷ್ ಉಚ್ಚಾರದ ಪ್ರಕಾರ ಒತ್ತಿದರೆ ಕನ್ನಡ ಮೂಡುತ್ತದೆ, ನಿಯಮಗಳನ್ನು ನಮಗೆ ಬೇಕಾದಂತೆ ಬದಲಿಸಿಕೊಳ್ಳಲೂ ಬರುತ್ತದೆ. ಉಕುಲೇಲೆ ಎಂಬ ಇನ್ನೊಂದು ಪುಕ್ಕಟೆ ಸಾಧನದಲ್ಲಿ ನಿಮಗೆ ಬೇಕಾದ ಕೀಲಿಮಣೆಯನ್ನು ನೀವೇ ಬಿಡಿಸಿ, ಲೈಬ್ರರಿಯೊಳಗಿನ ಕೀಬೋರ್ಡ್ ಲೇಔಟ್ಸ್ ಫೋಲ್ಡರಿಗೆ ಹಾಕಿದರೆ ಮುಗಿಯಿತು. ಯಾವುದಾದರೂ ಒಂದನ್ನು ಆರಿಸಿ, ಅದಕ್ಕೇ ಅಂಟಿಕೊಳ್ಳಿ. ತಿಂಗಳಿಗೊಂದು ವಿನ್ಯಾಸ ಬದಲಿಸಿದರೆ ಯಾವುದೂ ಕೈಗೆ ಹತ್ತುವುದಿಲ್ಲ.

ಹಳೆಯ ನುಡಿ, ಬರಹ ಫಾಂಟಿನಲ್ಲಿ ಮಾಡಿದ ಕಡತಗಳು ಮನೆಮನೆಯಲ್ಲೂ ಇವೆ: ದೇವಸ್ಥಾನದ ಆಮಂತ್ರಣ, ಸೊಸೈಟಿಯ ವರದಿ, ಅಜ್ಜನ ಆತ್ಮಕಥೆ. ಮ್ಯಾಕ್‌ನಲ್ಲಿ ತೆರೆದರೆ ವಿಚಿತ್ರ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಕಡತ ಹಾಳಾಯಿತು ಎಂದು ಅಳಿಸಬೇಡಿ, ಮಾರಾಯ್ರೆ. ಅದು ಯೂನಿಕೋಡ್ ಅಲ್ಲ, ಅಷ್ಟೇ. ಸಂಚಯ ಬಳಗದ ಅರವಿಂದ ವಿ. ಕೆ. ಅವರು ಇಂಥ ಪಠ್ಯವನ್ನು ಯೂನಿಕೋಡ್‌ಗೆ ತಿರುಗಿಸುವ ಸಾಧನ ಮಾಡಿ ಎಲ್ಲರಿಗೂ ಬಿಟ್ಟಿದ್ದಾರೆ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳ ಕೆಲಸವೂ ಅವರದೇ. ಪರಿವರ್ತಿಸಿ, ಒತ್ತಕ್ಷರ ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ, ಯೂನಿಕೋಡ್‌ನಲ್ಲೇ ಉಳಿಸಿ. ಇನ್ನು ಮುಂದೆ ಹಳೆಯ ಫಾಂಟಿನಲ್ಲಿ ಹೊಸದೇನನ್ನೂ ಬರೆಯಬೇಡಿ. ನಿಮ್ಮ ಮಕ್ಕಳು ಹುಡುಕಿದಾಗ ಸಿಗಬೇಕಲ್ಲ.

ಸಾಧನ ಯಾವುದು, ಎಷ್ಟು?

ಇನ್ನು ಆ್ಯಪ್‌ಗಳ ಮಾತು. ನಿಮಗೆ ಬೇಕಾದದ್ದು ಬಹಳ ಇಲ್ಲ. ಮತ್ತೆ ಮತ್ತೆ ಬರೆಯುವ ಸಾಲುಗಳಿಗೆ ಒಂದು, ನಕಲು ಮಾಡಿದ್ದನ್ನು ನೆನಪಿಡಲು ಒಂದು, ಕಿಟಕಿಗಳನ್ನು ಜೋಡಿಸಲು ಒಂದು, ಬೇಸರದ ಕೆಲಸ ಒಪ್ಪಿಸಲು ಒಂದು. ಅದರಲ್ಲೂ ಹೆಚ್ಚಿನದು ಮ್ಯಾಕ್‌ನಲ್ಲೇ ಉಂಟು.

ಮನೆ ವಿಳಾಸ, ಬ್ಯಾಂಕಿನ ಐಎಫ್ಎಸ್‌ಸಿ, ಗ್ರಾಹಕರಿಗೆ ಕಳಿಸುವ ಅದೇ ನಾಲ್ಕು ಸಾಲಿನ ಉತ್ತರ, ಇವನ್ನು ಪ್ರತಿ ಸಲ ಟೈಪ್ ಮಾಡುವುದು ಯಾಕೆ? ಟೆಕ್ಸ್ಟ್ ರಿಪ್ಲೇಸ್‌ಮೆಂಟ್ಸ್‌ನಲ್ಲಿ ಎರಡು ಮೂರು ಅಕ್ಷರದ ಗುರುತು ಕೊಟ್ಟರೆ ಪೂರ್ತಿ ಸಾಲು ತಾನೇ ಬರುತ್ತದೆ, ಐಕ್ಲೌಡ್ ಇದ್ದರೆ ಐಫೋನಿಗೂ ಹೋಗುತ್ತದೆ. ಕನ್ನಡಕ್ಕೂ ಆಗುತ್ತದೆ. ಒಂದು ಎಚ್ಚರ: ಗುರುತು ನಿಜವಾದ ಪದವಾಗಿರಬಾರದು. ಮುಂದೆ ಒಂದು ಅರ್ಧವಿರಾಮ ಸೇರಿಸಿಕೊಳ್ಳಿ, ಇಲ್ಲವಾದರೆ ಯಾವುದೋ ಪತ್ರದ ನಡುವೆ ನಿಮ್ಮ ಮನೆ ವಿಳಾಸ ಬಂದು ಕೂರುತ್ತದೆ. ಪಾಸ್‌ವರ್ಡ್, ಆಧಾರ್ ಸಂಖ್ಯೆಗಳನ್ನು ಅಲ್ಲಿ ಖಂಡಿತ ಇಡಬೇಡಿ. ಕೆಲವು ಆ್ಯಪ್‌ಗಳಲ್ಲಿ ಇದು ನಡೆಯುವುದಿಲ್ಲ. ಆಗ ಮಾತ್ರ ಬೇರೆ ಸಾಧನ ನೋಡಿ.

ಕಿಟಕಿಗಳನ್ನು ಪರದೆಯ ಅರ್ಧಕ್ಕೋ ಕಾಲು ಭಾಗಕ್ಕೋ ಜೋಡಿಸುವ ಸೌಕರ್ಯ 2024ರ ಮ್ಯಾಕ್‌ಒಎಸ್ ಸೆಕ್ವೋಯಾದಲ್ಲಿ ಮ್ಯಾಕ್‌ಗೇ ಬಂತು. ನಕಲು ಮಾಡಿದ್ದರ ಚರಿತ್ರೆ 2025ರ ಟಾಹೋದ ಸ್ಪಾಟ್‌ಲೈಟಿಗೆ ಬಂತು. ನಿಮ್ಮ ಮ್ಯಾಕ್ ಹಳೆಯದಾದರೆ ಮಾತ್ರ ರೆಕ್ಟ್ಯಾಂಗಲ್, ಮ್ಯಾಕಿ ಇಂಥವನ್ನು ಹಾಕಿಕೊಳ್ಳಿ. ಒಂದು ಕೆಲಸಕ್ಕೆ ಎರಡು ಆ್ಯಪ್ ಇಟ್ಟುಕೊಂಡರೆ ಎರಡೂ ಒಂದೇ ಕೀಲಿಗೆ ಜಗಳವಾಡುತ್ತವೆ, ಕೊನೆಗೆ ಯಾವುದೂ ಸರಿ ನಡೆಯುವುದಿಲ್ಲ. ಹೊಸದು ತಂದ ದಿನವೇ ಹಳೆಯದನ್ನು ತೆಗೆಯಿರಿ.

ಬೇಸರದ ಕೆಲಸಗಳಿಗೆ ಶಾರ್ಟ್‌ಕಟ್ಸ್ ಎಂಬುದು 2021ರ ಮಾಂಟೆರಿಯಿಂದ ಮ್ಯಾಕ್‌ನಲ್ಲಿದೆ. ಅದಕ್ಕೂ ಹಳೆಯ ಆ್ಯಪಲ್‌ಸ್ಕ್ರಿಪ್ಟ್ 1993ರದ್ದು, ಈಗಲೂ ಬದುಕಿದೆ. ಇಲ್ಲಿನ ಒಂದು ಉದಾಹರಣೆ ಕೊಡುತ್ತೇನೆ. ಅಡಿಕೆ ಮಾರಿದ ರಶೀದಿ, ಮೆಸ್ಕಾಂ ಬಿಲ್ಲು, ಗೊಬ್ಬರದ ಬಿಲ್ಲು ಎಲ್ಲ ಫೋನಿನಲ್ಲಿ ಫೋಟೋ ತೆಗೆದು ಮ್ಯಾಕ್‌ಗೆ ಬಿಡುತ್ತೀರಿ. ಐಎಂಜಿ ಎಂದು ಶುರುವಾಗಿ ನಾಲ್ಕಂಕೆಯಲ್ಲಿ ಮುಗಿಯುವ ಆ ಹೆಸರುಗಳಲ್ಲಿ ಮಾರ್ಚಿನಲ್ಲಿ ಲೆಕ್ಕಪರಿಶೋಧಕರಿಗೆ ಏನು ಹುಡುಕಿ ಕೊಡುತ್ತೀರಿ? ಬದಲಿಗೆ ಒಂದು ಶಾರ್ಟ್‌ಕಟ್ ಕಟ್ಟಿ: ಆರಿಸಿದ ಕಡತಗಳ ಹೆಸರಿನ ಮೊದಲು ವರ್ಷ, ತಿಂಗಳು, ದಿನ, ಆಮೇಲೆ ನೀವು ಹೇಳುವ ಒಂದು ಪದ, ನಂತರ ಆ ವರ್ಷದ ಫೋಲ್ಡರಿಗೆ ಸಾಗಣೆ. ವರ್ಷ ಮೊದಲು ಬಂದರೆ ಕಡತಗಳು ತಾವೇ ಕಾಲಕ್ರಮದಲ್ಲಿ ಕೂರುತ್ತವೆ. ಇದನ್ನೇ ಫೋಲ್ಡರಿಗೆ ಬಿದ್ದ ತಕ್ಷಣ ತಾನಾಗಿ ಮಾಡುವ ಹೇಝಲ್ ಎಂಬ ಆ್ಯಪ್ ಉಂಟು. ಅದು ಬೇಕೆನಿಸುವಷ್ಟು ಕಡತ ನಿಮ್ಮಲ್ಲಿದ್ದರೆ ಕೊಳ್ಳಿ. ಕೀಲಿ ಒತ್ತುವುದು, ಮೆನು ತೆರೆಯುವುದು, ಕಿಟಕಿ ಕಾಯುವುದು ಎಲ್ಲವನ್ನೂ ಸರಪಳಿಯಾಗಿ ಕಟ್ಟಬೇಕೆಂದರೆ ಕೀಬೋರ್ಡ್ ಮ್ಯಾಸ್ಟ್ರೋ ಉಂಟು.

ಆದರೆ ವರ್ಷಕ್ಕೆ ಎರಡು ಸಲ ಬರುವ ಹತ್ತು ನಿಮಿಷದ ಕೆಲಸಕ್ಕೆ ಎರಡು ದಿನ ಕೂತು ಸ್ಕ್ರಿಪ್ಟ್ ಬರೆಯುವ ಚಟ ಬೇಡ. ಅದು ಕೆಲಸವಲ್ಲ, ಕೆಲಸದಿಂದ ತಪ್ಪಿಸಿಕೊಳ್ಳುವ ಉಪಾಯ. ಮೊದಲು ಆ ಕೆಲಸವನ್ನು ಕೈಯಲ್ಲಿ ಹತ್ತು ಸಲ ಮಾಡಿ, ಎಲ್ಲಿ ತಪ್ಪುತ್ತದೆ ಎಂದು ತಿಳಿಯಿರಿ, ಆಮೇಲೆ ಯಂತ್ರಕ್ಕೆ ಹೇಳಿಕೊಡಿ. ಕಡತ ಅಳಿಸುವ, ಹೆಸರು ಬದಲಿಸುವ ಯಾವ ಸ್ಕ್ರಿಪ್ಟನ್ನೂ ಮೊದಲು ನಕಲು ಪ್ರತಿಗಳ ಮೇಲೆ ನಡೆಸಿ ನೋಡಿ. ಯಾರೋ ಕೊಟ್ಟ ಸಾಲನ್ನು ಅರ್ಥವಾಗದೆ ಟರ್ಮಿನಲ್‌ಗೆ ಅಂಟಿಸುವುದಂತೂ ಬೇಡವೇ ಬೇಡ.

ಅಡಿಕೆಗೆ ಹೋದ ಮಾನ

ಈಗ ಸ್ವಲ್ಪ ಗಟ್ಟಿಯಾಗಿ ಬೈಯುತ್ತೇನೆ. ಕದ್ದ ಆ್ಯಪ್ ಹಾಕಿಕೊಳ್ಳುವುದನ್ನು ನಿಲ್ಲಿಸಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನಮ್ಮ ಸೀಮೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನೀವು ಕದಿಯುವ ಈ ಸಣ್ಣ ಸಾಧನಗಳಲ್ಲಿ ಹಲವದರ ಬೆಲೆ ಕೆಲವು ಕಿಲೋ ಅಡಿಕೆಯದ್ದು. ಅಷ್ಟಕ್ಕಾಗಿ ಅಪರಿಚಿತರು ಬೀಗ ಒಡೆದು ಕೊಟ್ಟ ಆ್ಯಪನ್ನು ಮನೆಯೊಳಗೆ ಬಿಟ್ಟುಕೊಂಡು, ಅದಕ್ಕೆ ಪರದೆ ನೋಡುವ, ಕೀಲಿ ಒತ್ತಿದ್ದನ್ನು ಓದುವ ಅನುಮತಿಯನ್ನೂ ಕೊಡುತ್ತೀರಿ. ಅದೇ ಮ್ಯಾಕ್‌ನಲ್ಲಿ ಬ್ಯಾಂಕಿನ ವ್ಯವಹಾರ, ಕಂಪನಿಯ ಗುಟ್ಟು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಆ್ಯಪಲ್ 2019ರ ಕ್ಯಾಟಲೀನಾದಿಂದ ನೋಟರೈಸೇಷನ್ ಎಂಬ ತಪಾಸಣೆ ಕಡ್ಡಾಯ ಮಾಡಿದೆ. ಆ್ಯಪ್ ಸ್ಟೋರಿನ ಹೊರಗೆ ಹಂಚುವವರೂ ತಮ್ಮ ಆ್ಯಪನ್ನು ಆ್ಯಪಲ್‌ಗೆ ಕಳಿಸಿ ಮುದ್ರೆ ಒತ್ತಿಸಿಕೊಳ್ಳಬೇಕು. ಮುದ್ರೆ ಇಲ್ಲದ್ದನ್ನು ತೆರೆಯಹೋದರೆ ಮ್ಯಾಕ್ ತಡೆಯುತ್ತದೆ. ಆ ಎಚ್ಚರಿಕೆ ಬಂದಾಗ ಸಿಟ್ಟಾಗಿ, ಸೆಟ್ಟಿಂಗ್ಸ್‌ಗೆ ಹೋಗಿ ಬಾಗಿಲು ತೆರೆದು ಕೊಡಬೇಡಿ. ಮೂಲ ಪ್ರೋಗ್ರಾಂ ಎಲ್ಲರ ಕಣ್ಣೆದುರು ಇರುವ, ಹೆಸರಾದ ಮುಕ್ತ ತಂತ್ರಾಂಶವಾದರೆ ಬೇರೆ ಮಾತು. ಅದೂ ಮೂಲ ಜಾಗದಿಂದಲೇ ತಂದಿರಬೇಕು.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಇವು ದೊಡ್ಡ ಕಂಪನಿಗಳ ಮಾಲು ಎಂದು ನೀವು ಭಾವಿಸಿದ್ದೀರಿ. ಅಲ್ಲ. ಕೀಬೋರ್ಡ್ ಮ್ಯಾಸ್ಟ್ರೋವನ್ನು 2004ರಿಂದ ನಡೆಸಿಕೊಂಡು ಬಂದವರು ಆಸ್ಟ್ರೇಲಿಯಾದ ಪರ್ತ್‌ನ ಪೀಟರ್ ಲೂಯಿಸ್. ಆಲ್ಫ್ರೆಡ್ ಎಂಬ ಆ್ಯಪಿನ ಹಿಂದೆ ಇರುವವರು ಬ್ರಿಟನ್ನಿನ ಆಂಡ್ರ್ಯೂ ಮತ್ತು ವೆರೋ ಪೆಪ್ಪರೆಲ್ ದಂಪತಿ. ಕಾದಂಬರಿ ಬರೆಯಲು ಹೊರಟ ಕೀತ್ ಬ್ಲೌಂಟ್ ಎಂಬವರಿಗೆ ಹೊಂದುವ ಸಾಧನ ಸಿಗದೆ, ತಾವೇ ಪ್ರೋಗ್ರಾಂ ಕಲಿತು 2007ರಲ್ಲಿ ಸ್ಕ್ರಿವ್ನರ್ ತಂದರು. ರಿಚ್ ಸೀಗಲ್ ಅವರ ಬಿಬಿಎಡಿಟ್ ಎಂಬ ಪಠ್ಯ ಸಂಪಾದಕ 1992ರಲ್ಲಿ ಹೊರಬಂತು. ಮ್ಯಾಕ್‌ನ ಚಿಪ್ಪು ಮೂರು ಸಲ ಬದಲಾಯಿತು, ಒಎಸ್ ತಳದಿಂದ ಬದಲಾಯಿತು, ಬಿಬಿಎಡಿಟ್ ಮಾತ್ರ ಇನ್ನೂ ಬರುತ್ತಿದೆ. ಹೀಗೆ ಉಳಿದದ್ದು ಬಳಸುವವರು ದುಡ್ಡು ಕೊಟ್ಟದ್ದರಿಂದ. ಕೊಡದಿದ್ದರೆ ಮಾಡುವವರು ಬೇರೆ ನೌಕರಿ ಹಿಡಿಯುತ್ತಾರೆ, ಮುಂದಿನ ಮ್ಯಾಕ್‌ಒಎಸ್ ಬಂದ ದಿನ ನಿಮ್ಮ ನೆಚ್ಚಿನ ಸಾಧನ ನಿಂತುಹೋಗುತ್ತದೆ. ಮಾಡಿದ್ದುಣ್ಣೋ ಮಹರಾಯ.

ದುಡ್ಡು ಕೊಡಿ ಎಂದೆನೆಂದು ಕಂಡದ್ದನ್ನೆಲ್ಲ ಕೊಳ್ಳಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಕೊಳ್ಳುವ ಮೊದಲು ನಾಲ್ಕು ವಿಷಯ ನೋಡಿ. ಕಳೆದ ಒಂದು ವರ್ಷದಲ್ಲಿ ಅದಕ್ಕೆ ಹೊಸ ಆವೃತ್ತಿ ಬಂದಿದೆಯೇ? ನೀವು ಅದರೊಳಗೆ ಹಾಕಿದ್ದನ್ನು ಸಾದಾ ಪಠ್ಯವಾಗಿಯೋ ಪಿಡಿಎಫ್ ಆಗಿಯೋ ಹೊರಗೆ ತೆಗೆಯಲು ಬರುತ್ತದೆಯೇ? ಒಮ್ಮೆ ಕೊಡುವ ಬೆಲೆಯೇ, ವರ್ಷವರ್ಷದ ಚಂದಾವೇ? ಕನ್ನಡ ಪಠ್ಯ ಹಾಕಿದರೆ ಒತ್ತಕ್ಷರ ಸರಿ ಕಾಣುತ್ತದೆಯೇ, ಹುಡುಕಿದರೆ ಸಿಗುತ್ತದೆಯೇ? ಈ ನಾಲ್ಕನೆಯದನ್ನು ಪುಕ್ಕಟೆ ಅವಧಿಯಲ್ಲೇ ಪರೀಕ್ಷಿಸಿ. 'ಸ್ವಾತಂತ್ರ್ಯ', 'ಕ್ಷೇತ್ರ', 'ಅರ್ಚನೆ' ಎಂದು ಮೂರು ಪದ ಬರೆದು, ಬ್ಯಾಕ್‌ಸ್ಪೇಸ್ ಒತ್ತಿ, ಮತ್ತೆ ಹುಡುಕಿ. ತಪ್ಪು ಕಂಡರೆ ಮಾಡಿದವರಿಗೆ ಒಂದು ಇಮೇಲ್ ಬರೆಯಿರಿ. ಯಾವ ಮ್ಯಾಕ್, ಯಾವ ಆವೃತ್ತಿ, ಏನು ಮಾಡಿದಾಗ ಏನಾಯಿತು, ಚಿತ್ರದ ಸಮೇತ. "ಕೆಲಸ ಮಾಡುತ್ತಿಲ್ಲ" ಎಂಬ ಎರಡು ಪದದ ದೂರು ಯಾರಿಗೂ ಉಪಯೋಗವಿಲ್ಲ. ಸಣ್ಣ ತಂಡಗಳಲ್ಲಿ ಹಲವು ಸಲ ಪ್ರೋಗ್ರಾಂ ಬರೆದವರೇ ನಿಮ್ಮ ಇಮೇಲನ್ನೂ ಓದುತ್ತಾರೆ. ದೊಡ್ಡ ಕಂಪನಿಗಳಲ್ಲಿ ಆ ಭಾಗ್ಯ ಅಪರೂಪ. ಚಂದಾ ಎಂದ ಕೂಡಲೇ ಮೂಗು ಮುರಿಯುವುದನ್ನೂ ಬಿಡಿ. ದಿನವೂ ಬಳಸುವುದಾದರೆ ಕೊಡಿ, ಇಲ್ಲವಾದರೆ ನಿಲ್ಲಿಸಿ. ವರ್ಷಕ್ಕೊಮ್ಮೆ, ದೀಪಾವಳಿಗೆ ಮನೆ ಗುಡಿಸುವಾಗ, ಚಂದಾಗಳ ಪಟ್ಟಿಯನ್ನೂ ಗುಡಿಸಿ.

ಸಿಡಿಲು, ತೇವ, ನೆರೆ

ಪೇಟೆಯವರಿಗೆ ಬೇಕಿಲ್ಲದ, ನಮಗೆ ಬೇಕೇ ಬೇಕಾದ ಮಾತು ಇದು. ಎಪ್ರಿಲ್ ಮೇ ಸಂಜೆ, ಮತ್ತೆ ಮಳೆಗಾಲ ಹಿಂದೆ ಸರಿಯುವ ಅಕ್ಟೋಬರಿನಲ್ಲಿ ನಮ್ಮಲ್ಲಿ ಸಿಡಿಲು ಹೇಗೆ ಹೊಡೆಯುತ್ತದೆ ಎಂದು ಗೊತ್ತಲ್ಲ? ಗುಡುಗು ದೂರದಲ್ಲಿ ಕೇಳಿದ ಕೂಡಲೇ ಚಾರ್ಜರ್ ಪ್ಲಗ್ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಗೋಡೆಯಿಂದ ತೆಗೆಯಬೇಕು. ರೂಟರಿನ ಪ್ಲಗ್ಗೂ ತೆಗೆಯಬೇಕು. ಹಳೆಯ ತಾಮ್ರದ ಫೋನ್ ತಂತಿ ಇರುವ ಮನೆಯಾದರೆ ಅದನ್ನೂ ಬಿಚ್ಚಿಡಿ. ಫೈಬರ್ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಆದರೆ ರೂಟರಿಗೆ ಬರುವ ಕರೆಂಟಿನ ತಂತಿಯಲ್ಲಿ ಹರಿಯುತ್ತದೆ. ಮ್ಯಾಕ್‌ಬುಕ್ ಬ್ಯಾಟರಿಯಲ್ಲಿ ಗಂಟೆಗಟ್ಟಲೆ ನಡೆಯುತ್ತದೆ. ಅರ್ಧ ಗಂಟೆ ಇಂಟರ್ನೆಟ್ ಇಲ್ಲದಿದ್ದರೆ ಲೋಕ ಮುಳುಗುವುದಿಲ್ಲ. ಮುಖ್ಯ ಮೀಟಿಂಗ್ ಇದ್ದರೆ ಫೋನಿನ ಡೇಟಾದಲ್ಲಿ ಮುಗಿಸಿ.

ಮಳೆಗಾಲದಲ್ಲಿ ಮ್ಯಾಕನ್ನು ಒದ್ದೆ ಗೋಡೆಗೆ ತಾಗಿದ ಕಪಾಟಿನಲ್ಲಿ, ಚರ್ಮದ ಚೀಲದೊಳಗೆ ವಾರಗಟ್ಟಲೆ ಮುಚ್ಚಿಡಬೇಡಿ. ಬಳಸದಿದ್ದರೂ ದಿನಕ್ಕೊಮ್ಮೆ ತೆರೆದು ಸ್ವಲ್ಪ ಹೊತ್ತು ನಡೆಸಿ. ಚಹಾದ ಲೋಟ, ನೀರಿನ ಚೊಂಬು ಅದರ ಪಕ್ಕ ಬೇಡ. ಸಕ್ಕರೆ ಬಿದ್ದ ಕೀಲಿಮಣೆಗೆ ಇರುವೆ ಬರುವುದು ತಡವಾಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಬ್ಯಾಕಪ್. ಟೈಮ್ ಮಷೀನ್ 2007ರಿಂದ ಪ್ರತಿ ಮ್ಯಾಕ್‌ನಲ್ಲೂ ಇದೆ, ಪುಕ್ಕಟೆ. ಒಂದು ಹೊರಗಿನ ಡಿಸ್ಕ್ ಸಿಕ್ಕಿಸಿ 'ಹೌದು' ಎಂದರೆ ಸಾಕು. ಇಷ್ಟನ್ನೂ ಮಾಡದವರು ಎಷ್ಟು ಜನ! ಕೊಳೆರೋಗ ಹತ್ತಿದ ಗೊನೆಗೆ ಬೋರ್ಡೋ ಹೊಡೆದು ಏನು ಪ್ರಯೋಜನ? ಮಳೆ ಬೀಳುವ ಮೊದಲೇ ಹೊಡೆಯಬೇಕು ಎಂದು ನಿಮ್ಮ ಅಪ್ಪನಿಗೆ ಗೊತ್ತು, ಬ್ಯಾಕಪ್ಪೂ ಹಾಗೆಯೇ. ಮೂರು ಪ್ರತಿ ಇರಲಿ: ಮ್ಯಾಕ್‌ನಲ್ಲಿ ಒಂದು, ಡಿಸ್ಕಿನಲ್ಲಿ ಒಂದು, ಮನೆಯಿಂದ ಹೊರಗೆ ಒಂದು. ಆ ಮೂರನೆಯದು ಕ್ಲೌಡಿನಲ್ಲಿರಬಹುದು, ಪುತ್ತೂರಿನ ಅತ್ತೆ ಮನೆಯ ಕಪಾಟಿನಲ್ಲಿರುವ ಇನ್ನೊಂದು ಡಿಸ್ಕೂ ಆಗಬಹುದು. ಹೊರಗೆ ಯಾಕೆಂದರೆ ಇದು ನೇತ್ರಾವತಿ ಕುಮಾರಧಾರೆ ಕೂಡುವ ಊರು. 1923ರ ನೆರೆ, 1974ರ ನೆರೆ ಇಲ್ಲಿಯವರ ಬಾಯಲ್ಲಿ ಇನ್ನೂ ಇವೆ. ನದಿಗಳು ಉಕ್ಕಿ ಸಹಸ್ರಲಿಂಗೇಶ್ವರ ದೇವಸ್ಥಾನದ ಎದುರು ಸಂಗಮವಾದರೆ ನಾವು ಪೂಜೆ ಮಾಡುತ್ತೇವೆ, ನೀರು ಅದಕ್ಕೂ ಮೇಲೆ ಏರಿದರೆ ಮ್ಯಾಕೂ ಡಿಸ್ಕೂ ಒಟ್ಟಿಗೇ ಹೋಗುತ್ತವೆ. ಡಿಸ್ಕಿಗೆ ಪಾಸ್‌ವರ್ಡ್ ಹಾಕಿ ಗೂಢಲಿಪೀಕರಿಸಿ, ಆ ಪಾಸ್‌ವರ್ಡನ್ನು ಮನೆಯವರೊಬ್ಬರಿಗೆ ತಿಳಿಯುವಂತೆ ಬರೆದಿಡಿ. ಮತ್ತೆ, ಆರು ತಿಂಗಳಿಗೊಮ್ಮೆ ಯಾವುದಾದರೂ ಒಂದು ಕಡತವನ್ನು ಬ್ಯಾಕಪ್‌ನಿಂದ ವಾಪಸ್ ತೆಗೆದು ನೋಡಿ. ತೆಗೆಯಲು ಬಾರದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಆ ಪಾಡು ನಿಮಗೆ ಬೇಡ.

ಸ್ವಂತ ಆ್ಯಪ್ ಮಾಡುವವರಿಗೆ

ನಿಮ್ಮಲ್ಲಿ ಕೆಲವರಿಗೆ ಬಳಸುವುದು ಮಾತ್ರವಲ್ಲ, ತಾವೇ ಮ್ಯಾಕ್ ಆ್ಯಪ್ ಮಾಡಿ ಮಾರುವ ಆಸೆ ಉಂಟು. ಕರಾವಳಿಯಲ್ಲಿ ಕೂತು ಅದು ಆಗುವ ಮಾತೇ ಎಂದು ಕೇಳಬೇಡಿ. ಉಡುಪಿಯಲ್ಲಿ ರೋಹಿತ್ ಭಟ್ ಅವರು 1996ರಲ್ಲಿ ರೋಬೋಸಾಫ್ಟ್ ಶುರು ಮಾಡಿದ್ದು ಮ್ಯಾಕ್ ತಂತ್ರಾಂಶದಿಂದಲೇ. ಆಗ ನಮ್ಮ ಜಿಲ್ಲೆಯಲ್ಲಿ ಮ್ಯಾಕ್ ಕಂಡವರೇ ವಿರಳ. ಮುಂದೆ ಅವರ 99ಗೇಮ್ಸ್ ಕಂಪನಿ ಬಂತು, 2021ರಲ್ಲಿ ರೋಬೋಸಾಫ್ಟನ್ನು ಜಪಾನಿನ ಟೆಕ್ನೋಪ್ರೊ ಕೊಂಡುಕೊಂಡಿತು. ಊರು ಅಡ್ಡಿಯಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಆದರೆ ಅವಸರ ಬೇಡ. ಇರುವ ನೌಕರಿಯನ್ನು ನಾಳೆಯೇ ಬಿಡಬೇಡಿ. ನೌಕರಿಯ ಕರಾರು ಪತ್ರ ಒಮ್ಮೆ ಓದಿ, ಸಂಜೆಯ ನಿಮ್ಮ ಕೆಲಸದ ಮೇಲೂ ಕಂಪನಿಗೆ ಹಕ್ಕುಂಟೇ ನೋಡಿ. ಕಂಪನಿಯ ಮ್ಯಾಕ್‌ನಲ್ಲಿ ಸ್ವಂತ ಆ್ಯಪ್ ಬರೆಯಬೇಡಿ. ಲೆಕ್ಕ ತಿಳಿದುಕೊಳ್ಳಿ: ಆ್ಯಪಲ್‌ನ ಡೆವಲಪರ್ ಸದಸ್ಯತ್ವ ವರ್ಷಕ್ಕೆ 99 ಡಾಲರ್. ಮ್ಯಾಕ್ ಆ್ಯಪ್ ಸ್ಟೋರ್ 2011ರಲ್ಲಿ ತೆರೆಯಿತು, ಅಲ್ಲಿ ಮಾರಿದರೆ ಅವರ ಪಾಲು ಮೊದಲು ಶೇಕಡಾ 30 ಇತ್ತು. 2021ರಿಂದ ವರ್ಷಕ್ಕೆ ಹತ್ತು ಲಕ್ಷ ಡಾಲರಿನೊಳಗೆ ಗಳಿಸುವ ಸಣ್ಣವರು ಅರ್ಜಿ ಹಾಕಿದರೆ ಶೇಕಡಾ 15. ಹೊರಗೆ ನೇರವಾಗಿ ಮಾರಿದರೆ ಪಾಲು ಕಡಿಮೆ, ಆದರೆ ಹಣ ವಸೂಲಿ, ತೆರಿಗೆ, ಪರವಾನಗಿ ಕೀಲಿ ಎಲ್ಲ ನಿಮ್ಮ ತಲೆಗೆ. ಬೇರೆ ಆ್ಯಪ್‌ಗಳ ಕಿಟಕಿ, ಕೀಲಿಗಳನ್ನು ನಿಯಂತ್ರಿಸುವ ಸಾಧನವಾದರೆ ಸ್ಟೋರಿನ ಬಿಗಿ ನಿಯಮ ಒಪ್ಪದೆ ಹೊರಗೇ ಮಾರಬೇಕಾಗಬಹುದು. ಅದನ್ನು ಮೊದಲೇ ಯೋಚಿಸಿ.

ಏನು ಮಾಡಬೇಕು? ಆ್ಯಪಲ್ ನಾಳೆ ಪುಕ್ಕಟೆ ಕೊಡಬಹುದಾದದ್ದನ್ನು ಮಾಡಬೇಡಿ. 2002ರಲ್ಲಿ ಕರೇಲಿಯಾ ಎಂಬ ಸಣ್ಣ ಕಂಪನಿಯ ವಾಟ್ಸನ್ ಎಂಬ ಆ್ಯಪ್‌ಗೆ ಹೀಗಾಯಿತು. ಅದನ್ನೇ ಹೋಲುವ ಷರ್ಲಾಕ್ 3 ಮ್ಯಾಕ್‌ನೊಳಗೇ ಬಂತು. ಆಮೇಲೆ ಇಂಥ ಪೆಟ್ಟು ತಿಂದ ಆ್ಯಪ್‌ಗಳಿಗೆಲ್ಲ 'ಷರ್ಲಾಕ್ ಆಯಿತು' ಎನ್ನುವುದು ಮಾಡುವವರ ನಡುವೆ ರೂಢಿಯಾಗಿಹೋಯಿತು. ಕಿಟಕಿ ಜೋಡಣೆ, ಕ್ಲಿಪ್‌ಬೋರ್ಡ್ ಚರಿತ್ರೆಗಳಿಗೆ ಮೊನ್ನೆ ಮೊನ್ನೆ ಬಂದದ್ದೂ ಅದೇ ಗತಿ. ಕ್ಯುಪರ್ಟಿನೋದ ಆ್ಯಪಲ್‌ನವರಿಗೆ ಹೊಳೆಯದ, ನಿಮಗೆ ಮಾತ್ರ ಕಾಣುವ ಕೆಲಸ ಹುಡುಕಿ. ನುಡಿಯ ಹಳೆಯ ಕಡತವನ್ನು ಫೈಂಡರಿನಲ್ಲಿ ರೈಟ್ ಕ್ಲಿಕ್ ಮಾಡಿದರೆ ಯೂನಿಕೋಡ್ ಆಗುವ ಸಾಧನ ಮಾಡಿ. ವಿ. ಕೃಷ್ಣ ಅವರು ವರ್ಷಾನುಗಟ್ಟಲೆ ಕೂಡಿಸಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ 'ಅಲರ್' ನಿಘಂಟು 2019ರಿಂದ ಎಲ್ಲರಿಗೂ ಮುಕ್ತವಾಗಿದೆ, ಅದನ್ನು ಮ್ಯಾಕ್‌ನಲ್ಲಿ ಒಂದೇ ಕೀಲಿಗೆ ಸಿಗುವಂತೆ ಮಾಡಿ. ತುಳು ತಿಗಳಾರಿ ಲಿಪಿಗೆ 2024ರ ಸೆಪ್ಟೆಂಬರಿನಲ್ಲಿ, ಯೂನಿಕೋಡ್ 16ರಲ್ಲಿ ಜಾಗ ಸಿಕ್ಕಿತು. ಅದಕ್ಕೆ ಮ್ಯಾಕ್‌ನಲ್ಲಿ ಒಳ್ಳೆಯ ಕೀಲಿಮಣೆ, ಒಳ್ಳೆಯ ಫಾಂಟ್ ಬೇಕು. ಮನೆಯಲ್ಲಿ ತುಳು ಮಾತಾಡುವ ನೀವು ಮಾಡದಿದ್ದರೆ ಇನ್ಯಾರು ಮಾಡುತ್ತಾರೆ?

ಮಾಡುವಾಗ ಒಂದೇ ಕೆಲಸ ಮಾಡಿ, ಅದನ್ನು ಪೂರ್ತಿ ಮಾಡಿ. ಆ್ಯಪ್‌ನಲ್ಲಿ ಎಲ್ಲ ಕೆಲಸಕ್ಕೂ ಕೀಲಿ ಇರಲಿ, ಶಾರ್ಟ್‌ಕಟ್ಸ್‌ನಿಂದ ಕರೆಯಲು ಬರಲಿ, ಜನರ ಮಾಹಿತಿ ಹೊರಗೆ ತೆಗೆಯುವ ದಾರಿ ಇರಲಿ. ಅನುಮತಿ ಕೇಳುವಾಗ ಯಾಕೆ ಬೇಕು ಎಂದು ಕನ್ನಡದಲ್ಲೇ ಹೇಳಿ. ಬೇಡದ ಮಾಹಿತಿ ಸಂಗ್ರಹಿಸಬೇಡಿ. ಬೆಲೆ ಇಡಲು ನಾಚಬೇಡಿ, ಪುಕ್ಕಟೆ ಕೊಟ್ಟು ಎರಡು ವರ್ಷದಲ್ಲಿ ಕೈಬಿಡುವುದಕ್ಕಿಂತ ದುಡ್ಡು ತೆಗೆದುಕೊಂಡು ಹತ್ತು ವರ್ಷ ನೋಡಿಕೊಳ್ಳುವುದು ಮರ್ಯಾದೆ. ಬಂದ ಇಮೇಲಿಗೆ ಉತ್ತರ ಬರೆಯಿರಿ, ಬೈದವರಿಗೂ. ತಾಳಿದವನು ಬಾಳಿಯಾನು.

ಮಾತು ಜಾಸ್ತಿಯಾಯಿತು ಎಂದು ಗೊತ್ತು. ಇಷ್ಟನ್ನೆಲ್ಲ ನಾಳೆಯೇ ಮಾಡಿ ಎನ್ನುವುದಿಲ್ಲ. ಇವತ್ತು ಸಂಜೆ ಮೂರೇ ಕೆಲಸ ಮಾಡಿ. ಡಿಸ್ಕ್ ಸಿಕ್ಕಿಸಿ ಟೈಮ್ ಮಷೀನ್ ಶುರು ಮಾಡಿ. ಕನ್ನಡ ಕೀಲಿಮಣೆ ಸೇರಿಸಿ ಅಮ್ಮನಿಗೆ ಕನ್ನಡದಲ್ಲೇ ಒಂದು ಸಂದೇಶ ಕಳಿಸಿ. ಕದ್ದ ಆ್ಯಪ್‌ಗಳನ್ನೆಲ್ಲ ಅಳಿಸಿ, ಅದರಲ್ಲಿ ನಿಜಕ್ಕೂ ಬೇಕಾದ ಒಂದನ್ನು ದುಡ್ಡು ಕೊಟ್ಟು ತನ್ನಿ. ಉಳಿದದ್ದು ವಾರಕ್ಕೆ ಎರಡು ಕೀಲಿಯಂತೆ ತಾನೇ ಬರುತ್ತದೆ.